ಮರದ ಮೇಲಿಂದ ಬಂದ ಕೂಗು

ಕಾಸರಗೋಡಿನ ಹತ್ತಿರ ತೆಂಗಿನ ಹೈಬ್ರಿಡ್ ಸಸಿ ಮಾಡುವ ಯೋಜನೆಯೊಂದರಲ್ಲಿ ನಾನು ಸಹಾಯಕಿ. ಯಾವ ಮರಕ್ಕೆ ಯಾವ ದಿನ ಪರಾಗ ಹಾಕಬೇಕು ಅಂತ ಬರೆದ ಶೀಟ್ ಹಿಡಿದು ಮರದ ಬುಡದಲ್ಲಿ ನಿಲ್ಲುವುದು ನನ್ನ ಕೆಲಸ. ಮೇಲೆ ಹತ್ತಿ ಹೊಂಬಾಳೆಯ ಗಂಡು ಹೂಗಳನ್ನೆಲ್ಲ ಕಿತ್ತು, ಬಟ್ಟೆ ಚೀಲ ಕಟ್ಟಿ, ಹೆಣ್ಣು ಹೂ ಹದಕ್ಕೆ ಬಂದಾಗ ಬೇರೆ ತಳಿಯ ಪರಾಗ ಹಾಕುವವರು ಮರ ಹತ್ತುವ ಅಣ್ಣ.

ಎರಡು ವರ್ಷದ ಹಿಂದೆ, ಒಂದು ಶನಿವಾರ, ಅವರು ಮೇಲಿಂದಲೇ ಕೂಗಿದರು. "ಮೇಡಂ, ಇದರಲ್ಲಿ ಜೇನು ಬಂದಾಯ್ತು. ಇವತ್ತೇ ಹಾಕುವಾ." ಹೆಣ್ಣು ಹೂವಿನ ತುದಿಯಲ್ಲಿ ಸಿಹಿ ನೀರು ಒಸರಿದರೆ ಹೂ ತಯಾರು ಅಂತ ಅರ್ಥ. ಆ ಹದ ಜಾಸ್ತಿ ದಿನ ಇರುವುದಿಲ್ಲ. ನನ್ನ ಶೀಟಿನಲ್ಲಿ ಆ ಮರಕ್ಕೆ ಸೋಮವಾರ ಅಂತ ಇತ್ತು. "ಶೀಟಿನಲ್ಲಿದ್ದ ಹಾಗೆ ಮಾಡುವಾ" ಅಂದೆ. ಸೋಮವಾರ ಚೀಲ ಬಿಚ್ಚಿದಾಗ ತುದಿಗಳೆಲ್ಲ ಕಂದು ತಿರುಗಿದ್ದವು. ಆ ಗೊನೆಯಲ್ಲಿ ಒಂದು ಕಾಯಿಯೂ ನಿಲ್ಲಲಿಲ್ಲ. ವರದಿಯಲ್ಲಿ ಕಾರಣ: ಮರ ಹತ್ತುವವರ ಅಜಾಗ್ರತೆ. ಆ ಸಾಲನ್ನು ಟೈಪ್ ಮಾಡಿದ್ದು ನಾನೇ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ನಮ್ಮ ಜಿಲ್ಲೆಯಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. 1932ರಲ್ಲಿ ನೀಲೇಶ್ವರದಲ್ಲಿ ಜೆ. ಎಸ್. ಪಟೇಲ್ ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕ್ರಾಸ್ ಮಾಡಿದರು. ಅಲ್ಲಿಯೂ ಮರ ಹತ್ತಿದವರು ಇದ್ದೇ ಇರುತ್ತಾರೆ ಅಲ್ವಾ? ಇದೇ ರೈಲು ಹಾದಿಯ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ತೀಯ ಸಮುದಾಯದವರು. ಕಳ್ಳು ಇಳಿಸುವುದು ಆ ಸಮುದಾಯದ ಹಳೆಯ ಕಸುಬು. ಅವರು 1931ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಡಾಕ್ಟರೇಟ್ ಪಡೆದರು, ಕೊಯಮತ್ತೂರಿನಲ್ಲಿ ಕಬ್ಬನ್ನು ಜೋಳದ ಜೊತೆಗೂ ಕ್ರಾಸ್ ಮಾಡಿದರು. ಆದರೆ ಅವರ ತಂದೆ ನ್ಯಾಯಾಧೀಶರು, ಮನೆಯಲ್ಲಿ ಓದು ಇತ್ತು. ದಿನವೂ ಮರ ಹತ್ತುವ ಮನೆಯ ಮಕ್ಕಳು ಲ್ಯಾಬಿನ ಬಾಗಿಲವರೆಗೆ ಬರುವುದೇ ಕಷ್ಟ. ನಮ್ಮ ತಂಡದಲ್ಲಿ ಅಂಥ ಮನೆಯವರು ಒಬ್ಬರೂ ಇರಲಿಲ್ಲ. ಒಬ್ಬರಿದ್ದಿದ್ದರೂ ಆ ಶನಿವಾರದ ಕೂಗಿಗೆ ಬೆಲೆ ಸಿಗುತ್ತಿತ್ತು.

ಯೋಜನೆಯ ಮುಖ್ಯಸ್ಥರ ಹತ್ತಿರ ಎಲ್ಲ ಹೇಳಿ ವರದಿಯ ಆ ಸಾಲನ್ನು ತೆಗೆಸಿದೆ. ಅಣ್ಣನ ಹತ್ತಿರವೂ ತಪ್ಪಾಯ್ತು ಅಂದೆ.

ಈ ವರ್ಷ ಹೊಸ ಸಹಾಯಕರ ಸಂದರ್ಶನದಲ್ಲಿ ನಾನೂ ಕೂತಿದ್ದೆ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿಯೊಬ್ಬಳು ಬಂದಳು. ಅಪ್ಪ ಮರ ಹತ್ತುವವರು. ಇಂಗ್ಲಿಷಿನ ಪ್ರಶ್ನೆಗೆ ತಡವರಿಸಿ ಸುಮ್ಮನಾದಳು. "ತುಳುವಿನಲ್ಲೇ ಹೇಳು ಮಾರಾಯ್ತಿ" ಅಂದೆ. ಗಿಡ್ಡ ತಳಿಯಲ್ಲಿ ಗಂಡು ಹೂ ಮುಗಿಯುವ ಮೊದಲೇ ಹೆಣ್ಣು ಹೂ ತಯಾರಾಗುತ್ತದೆ, ಅದಕ್ಕೇ ಬೇಗ ಕಿತ್ತು ಚೀಲ ಕಟ್ಟಬೇಕು ಎಂದು ಬೆರಳು ಮಡಚಿ ತೋರಿಸಿ ಹೇಳಿದಳು.

ಈಗ ಶೀಟ್ ಅವಳ ಕೈಯಲ್ಲಿದೆ. ದಿನದ ಕಾಲಂ ಖಾಲಿ ಬಿಡುತ್ತಾಳೆ. ಅಣ್ಣ ಮೇಲಿಂದ ಕೂಗಿದ ಮೇಲೆಯೇ ಬರೆಯುವುದು.