ಬಿಳಿ ಹೋರಿ, ಕರಿ ಹಸು, ನೀಲಿ ಕರು

ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಿಂದ ಈಶಾನ್ಯಕ್ಕೆ ಹೊರಟು ಸ್ಕಾಟ್ಲೆಂಡಿನ ಗಡಿಯತ್ತ ಏರುತ್ತ ಹೋದರೆ ಬ್ಯೂಕ್ಯಾಸಲ್ ಸಿಗುತ್ತದೆ. ಒಂದು ಚರ್ಚು, ಅದರ ಅಂಗಳದಲ್ಲಿ ಸಾವಿರದ ಇನ್ನೂರು ವರ್ಷಕ್ಕೂ ಹಳೆಯದಾದ ಕೆತ್ತನೆಯ ಕಲ್ಲುಕಂಬ, ಹಿಂದೆ ಮುರಿದ ಕೋಟೆ. ಊರು ಅಂದರೆ ಇಷ್ಟೇ. ಆಮೇಲೆ ಉದ್ದಕ್ಕೂ ಜವುಗು ಗುಡ್ಡ, ಮಳೆ, ಅಲ್ಲೊಂದು ಇಲ್ಲೊಂದು ಹೊಲಮನೆ. ಈ ಕಡೆಯ ರೈತರ ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ವರ್ಷದ ಬಿಲ್ಲುಗಳನ್ನೆಲ್ಲ ಖಾಲಿ ಹಿಂಡಿ ಚೀಲಕ್ಕೆ ತುಂಬಿ ತಂದು ನನ್ನ ಮೇಜಿನ ಮೇಲೆ ಸುರಿಯುವವರಿದ್ದಾರೆ. ದನದ ವಿಷಯ ನಾನು ಕಲಿತದ್ದೆಲ್ಲ ಆ ಚೀಲಗಳಿಂದ, ಮತ್ತೆ ಬಿಲ್ಲು ಅರ್ಥವಾಗದೆ ಕೇಳಿದಾಗ "ಬಾ, ತೋರಿಸ್ತೀನಿ" ಎಂದು ಗುಡ್ಡಕ್ಕೆ ಕರೆದುಕೊಂಡು ಹೋದವರಿಂದ.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅವರದು ಒಂದೇ ಪ್ರಶ್ನೆ: "ಎಷ್ಟು ಹಾಲು ಕೊಡ್ತದೆ ಮಾರಾಯ?" ಈ ಹಸುಗಳನ್ನು ಯಾರೂ ಕರೆಯುವುದೇ ಇಲ್ಲ ಅಂದರೆ ನಂಬುವುದಿಲ್ಲ. ಹಾಲೆಲ್ಲ ಕರುವಿಗೆ. ಏಪ್ರಿಲ್ ಹೊತ್ತಿಗೆ ಹುಟ್ಟಿದ ಕರು ಏಳೆಂಟು ತಿಂಗಳು ತಾಯಿಯ ಜೊತೆಯಲ್ಲೇ ಗುಡ್ಡದಲ್ಲಿ ಮೇದು, ಮಾಗಿಗೆ ಮೊದಲು ಸಂತೆಗೆ ಹೋಗುತ್ತದೆ. ಕೊನೆಗೆ ಅದು ಮಾಂಸಕ್ಕೇ. ನಾನು ತಿನ್ನುವವನಲ್ಲ, ಆದರೆ ಇಲ್ಲಿನ ದನ ಸಾಕಣೆಯ ಬಗ್ಗೆ ಬರೆಯುತ್ತ ಅದೊಂದನ್ನು ಮಾತ್ರ ಬಿಟ್ಟು ಬರೆದರೆ ಲೆಕ್ಕವೇ ತಾಳೆಯಾಗುವುದಿಲ್ಲ. ರೈತನ ಆದಾಯ ಎಂದರೆ ಹಸುವಿಗೆ ವರ್ಷಕ್ಕೊಂದು ಕರು. ಆ ಕರುವಿನ ತೂಕ. ಹಸು ಒಂದು ವರ್ಷ ಗಬ್ಬ ಕಟ್ಟದಿದ್ದರೆ ಆ ವರ್ಷದ ಮೇವೆಲ್ಲ ನೀರಿಗೆ ಹಾಕಿದಂತೆ.

ಹಾಗಾಗಿ ಇಲ್ಲಿ ಎಲ್ಲರ ತಲೆಯಲ್ಲೂ ಇರುವುದು ತಾಯಿ ಹಸು ಯಾವ ತಳಿಯದಿರಬೇಕು ಎನ್ನುವ ವಿಚಾರ. ಗುಡ್ಡಕ್ಕೆ ಹೇಳಿ ಮಾಡಿಸಿದ್ದು ಗ್ಯಾಲೊವೇ. ಗಡಿಯಾಚೆಯ ನೈರುತ್ಯ ಸ್ಕಾಟ್ಲೆಂಡಿನ ಹಳೆಯ ತಳಿ. 1877ರಿಂದ ಅದಕ್ಕೆ ಪ್ರತ್ಯೇಕ ಸಂಘವಿದೆ. ಹೆಚ್ಚಿನವು ಕಪ್ಪು, ಹುಟ್ಟಾ ಬೋಳು, ಅಂದರೆ ಕೋಡಿಲ್ಲದವು. ನವೆಂಬರಿನ ಒಂದು ಸುರಿಮಳೆಯಲ್ಲಿ ಅಂಥದೊಂದು ಹಸುವಿನ ಬೆನ್ನ ಮೇಲೆ ಕೈಯಿಟ್ಟು ನೋಡಿದ್ದೇನೆ. ಮೇಲಿನ ಗುಂಗುರು ಕೂದಲು ತೊಯ್ದು ತೊಪ್ಪೆ, ನೀರು ಎರಡೂ ಪಕ್ಕಕ್ಕೆ ಹರಿದು ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬೆರಳು ಒಳಗೆ ತೂರಿಸಿದರೆ ಕೆಳಗೆ ಇನ್ನೊಂದು ಪದರ, ಕುರಿಯ ಉಣ್ಣೆಯಂಥದು, ಮೆತ್ತಗೆ; ಅದರ ಬುಡ ಒಣಗಿಯೇ ಇತ್ತು, ಬೆಚ್ಚಗೂ ಇತ್ತು. ಕುರಿ ಮೂಸಿ ಬಿಡುವ ಒರಟು ಹುಲ್ಲನ್ನು ಇದು ಮೇಯುತ್ತದೆ. ಚಳಿಗಾಲವಿಡೀ ಹೊರಗೇ ಇರಬಲ್ಲದು. ಹೆರಿಗೆಗೆ ಯಾರ ನೆರವೂ ಬೇಡ. ಒಂದೇ ತೊಡಕು, ನಿಧಾನ. ಕರು ಬೆಳೆಯುವುದು ನಿಧಾನ, ಸೈಜು ಚಿಕ್ಕದು, ಸಂತೆಯಲ್ಲಿ ಬೆಲೆ ಕಮ್ಮಿ.

ಇದಕ್ಕೆ ಗಡಿನಾಡಿನ ಹಿರಿಯರು ಹುಡುಕಿದ ಪರಿಹಾರ ಬಿಳಿ ಹೋರಿ. ವೈಟ್‌ಬ್ರೆಡ್ ಶಾರ್ಟ್‌ಹಾರ್ನ್ ಅಂತ ಅದರ ಹೆಸರು. ಕಂಬರ್‌ಲೆಂಡಿನ ಈ ಗಡಿಪ್ರದೇಶದ್ದೇ ತಳಿ, ಮೈಯೆಲ್ಲ ಬಿಳಿ. ಶಾರ್ಟ್‌ಹಾರ್ನ್ ರಕ್ತದಲ್ಲಿ ಹಾಲೂ ಇದೆ, ಮಾಂಸವೂ ಇದೆ. ಕರಿ ಗ್ಯಾಲೊವೇ ಹಸುವಿಗೆ ಈ ಬಿಳಿ ಹೋರಿಯನ್ನು ಬಿಟ್ಟರೆ ಹುಟ್ಟುವ ಪ್ರತಿಯೊಂದು ಕರುವೂ ಒಂದೇ ಬಣ್ಣ. ದೂರದಿಂದ ನೀಲಿ ಮಿಶ್ರಿತ ಬೂದಿ. ಹತ್ತಿರ ಹೋಗಿ ನೋಡಿ, ಬೂದು ಬಣ್ಣದ ಕೂದಲು ಒಂದೂ ಸಿಗುವುದಿಲ್ಲ; ಕಪ್ಪು ಒಂದು, ಬಿಳಿ ಒಂದು, ಎರಡೂ ಹೆಣೆದುಕೊಂಡಿರುತ್ತವೆ. ತಲೆ ತಾಯಿಯಂತೆ ಬೋಳು. ಇದೇ ಬ್ಲೂ ಗ್ರೇ. ಕಾಗದಪತ್ರವೇ ಬೇಡ, ಬಣ್ಣ ನೋಡಿಯೇ ಅಪ್ಪ ಅಮ್ಮ ಯಾರೆಂದು ಹೇಳಬಹುದು. ಆದರೂ ಕಾಗದ ಬಿಟ್ಟಿಲ್ಲ: ಹುಟ್ಟಿ 20 ದಿನದೊಳಗೆ ಎರಡೂ ಕಿವಿಗೆ ನಂಬರಿನ ಓಲೆ, 27 ದಿನದೊಳಗೆ ಪಾಸ್‌ಪೋರ್ಟಿಗೆ ಅರ್ಜಿ. ಪಾಸ್‌ಪೋರ್ಟ್ ಇಲ್ಲದೆ ದನ ಬೇಲಿ ದಾಟಿ ಸಂತೆಗೆ ಹೋಗುವಂತಿಲ್ಲ. ಈ ವಿಷಯದಲ್ಲಿ ನನಗೂ ಅವಕ್ಕೂ ಹೆಚ್ಚು ಕಮ್ಮಿ ಒಂದೇ ಕಾನೂನು.

ಬ್ಲೂ ಗ್ರೇ ಕಡಸು ಗುಡ್ಡದಿಂದ ಇಳಿದು ತುಸು ಉತ್ತಮ ಹುಲ್ಲಿರುವ ತಪ್ಪಲಿನ ರೈತನಿಗೆ ಮಾರಾಟವಾಗುತ್ತದೆ. ಅವನು ಅದಕ್ಕೆ ಆಂಗಸ್ಸೋ ಲಿಮೋಸಿನ್ನೋ ಶಾರೊಲೆಯೋ, ಮಾಂಸದ ತಳಿಯ ಹೋರಿ ಬಿಡುತ್ತಾನೆ. ಅಜ್ಜಿಯಿಂದ ಗಟ್ಟಿತನ, ಅಜ್ಜನಿಂದ ಹಾಲು, ಅಪ್ಪನಿಂದ ಮೈಕಟ್ಟು. ಇಲ್ಲಿನ ಕುರಿಗಳಲ್ಲೂ ಇದೇ ಏಣಿ ಇದೆ: ಗುಡ್ಡದ ಸ್ವೇಲ್‌ಡೇಲ್ ಹೆಣ್ಣಿಗೆ ಬ್ಲೂಫೇಸ್ಡ್ ಲೆಸ್ಟರ್ ಟಗರು, ಹುಟ್ಟಿದ ಹೆಣ್ಣುಮರಿ ಬಯಲಿಗೆ.

ಬೆರಕೆಯಿಂದ ಸಿಗುವ ಲಾಭ ಬರೀ ಬಾಯಿಮಾತಿನದಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ಸರ್ಕಾರಿ ವಿಜ್ಞಾನಿಗಳು ಹೆರಿಫರ್ಡ್, ಆಂಗಸ್, ಶಾರ್ಟ್‌ಹಾರ್ನ್ ಮೂರನ್ನು ಇಟ್ಟುಕೊಂಡು ವರ್ಷಗಟ್ಟಲೆ ಅಳೆದಿದ್ದಾರೆ. ಹೋರಿಗೆ ಬಿಟ್ಟ ಪ್ರತಿ ಹಸುವಿಗೆ ಎಷ್ಟು ಕಿಲೋ ಕರು ಕೈಗೆ ಬಂತು ಅಂತ ಲೆಕ್ಕ ಹಾಕಿದರೆ, ಶುದ್ಧ ತಳಿಗಿಂತ ಬೆರಕೆಯಲ್ಲಿ ಒಟ್ಟು ಶೇ 23ರಷ್ಟು ಹೆಚ್ಚು. ಅದರಲ್ಲಿ ಕರು ಬೆರಕೆಯಾಗಿದ್ದರಿಂದ ಬಂದದ್ದು ಶೇ 8ರ ಸುಮಾರು. ಉಳಿದ 15ರಷ್ಟು ತಾಯಿ ಬೆರಕೆಯಾಗಿದ್ದರಿಂದ. ದೊಡ್ಡ ಪಾಲು ತಾಯಿಯದು, ಇದನ್ನು ಗಮನಿಸಬೇಕು. ಸಂತೆಯಲ್ಲಿ ಎಲ್ಲರ ಕಣ್ಣು ಹೋಗುವುದು ಹೋರಿಯ ತೊಡೆಯ ಮೇಲೆ. ದುಡ್ಡು ಹುಟ್ಟುವುದು ಸರಿಯಾಗಿ ಬೆದೆಗೆ ಬಂದು, ಕರು ಉಳಿಸಿಕೊಂಡು, ಮುದಿಯಾಗುವವರೆಗೂ ಈಯುವ ಹಸುವಿನ ಹೊಟ್ಟೆಯಲ್ಲಿ. ಒಂದೇ ತಳಿಯೊಳಗೆ ಆರಿಸಿ ಆರಿಸಿ ಸುಧಾರಿಸಲು ತೀರ ಕಷ್ಟವಾದ ಗುಣಗಳೂ ಇವೇ. ಬೆರಕೆಯಲ್ಲಿ ಮಾತ್ರ ಒಂದೇ ತಲೆಮಾರಿಗೆ ಸಿಕ್ಕಿಬಿಡುತ್ತವೆ.

ನನ್ನ ಮೇಜಿಗೆ ಬರುವ ಬಿಲ್ಲುಗಳಲ್ಲೂ ಇದು ಕಾಣುತ್ತದೆ. 1961ರಲ್ಲಿ ಫ್ರಾನ್ಸಿನಿಂದ ಶಾರೊಲೆ ಬಂತು, 1970–71ರಲ್ಲಿ ಸಿಮೆಂಟಾಲ್, ಲಿಮೋಸಿನ್ ಬಂದವು. ಕರು ದಪ್ಪ, ಬೆಲೆ ಜೋರು. ರೈತರು ಆ ಹೋರಿಗಳ ಹೆಣ್ಣುಕರುಗಳನ್ನೇ ತಾಯಿಗೆಂದು ಉಳಿಸಿಕೊಳ್ಳತೊಡಗಿದರು. ಹಸುವಿನ ತೂಕ 700 ಕಿಲೋ ದಾಟಿತು. ಆರು ತಿಂಗಳು ಒಳಗೆ ಕಟ್ಟಬೇಕು, ಹುಲ್ಲಿನ ಮೇಲೆ ಒಣಹುಲ್ಲು, ಅದರ ಮೇಲೆ ಹಿಂಡಿ, ನೆಲಕ್ಕೆ ಹಾಸು. ಮಧ್ಯರಾತ್ರಿ ಕರು ಸಿಕ್ಕಿಕೊಂಡರೆ ಡಾಕ್ಟರು, ಸಿಸೇರಿಯನ್. ಕರು ಮಾರಿ ಬಂದ ಚೆಕ್ಕು ದೊಡ್ಡದೇ, ಎಡಗಡೆಯ ಖರ್ಚಿನ ಕಾಲಂ ಅದಕ್ಕಿಂತ ದೊಡ್ಡದು. ಸರ್ಕಾರ ಎಕರೆ ಲೆಕ್ಕದಲ್ಲಿ ಕೊಡುತ್ತಿದ್ದ ಸಹಾಯಧನ ಇರುವಷ್ಟು ದಿನ ಇದು ಹೇಗೋ ಸರಿದೂಗುತ್ತಿತ್ತು. ಬ್ರೆಕ್ಸಿಟ್ ಆದ ಮೇಲೆ, 2021ರಿಂದ, ಇಂಗ್ಲೆಂಡಿನಲ್ಲಿ ಅದು ವರ್ಷ ವರ್ಷ ಇಳಿಯುತ್ತ ಬಂದು 2023ಕ್ಕೆ ಮುಗಿಯಿತು. ಈಗ ಚಿಕ್ಕ ಹಸು, ಕಮ್ಮಿ ಮೇವು, ಖರ್ಚಿಲ್ಲದ ಹೆರಿಗೆ ಎಂದರೆ ಎಲ್ಲರ ಕಿವಿಯೂ ನಿಮಿರುತ್ತದೆ.

ಇಷ್ಟು ಒಳ್ಳೆಯದಿದ್ದರೆ ಬ್ಲೂ ಗ್ರೇಗೆ ಬ್ಲೂ ಗ್ರೇ ಹೋರಿಯನ್ನೇ ಬಿಟ್ಟು ವಂಶ ಬೆಳೆಸಬಹುದಲ್ಲ? ಆಗುವುದಿಲ್ಲ. ಮುಂದಿನ ತಲೆಮಾರಿನಲ್ಲಿ ನಾಲ್ಕರಲ್ಲಿ ಒಂದು ಕಪ್ಪು, ಒಂದು ಬಿಳಿ, ಎರಡು ಮಾತ್ರ ನೀಲಿ, ಕೋಡೂ ತಲೆಯೆತ್ತುತ್ತದೆ. ಬಣ್ಣ ಹಾಳಾದರೆ ಹಾಳಾಗಲಿ, ಮೊದಲ ಬೆರಕೆಯ ಕಸುವಿನಲ್ಲಿ ಅರ್ಧ ಅಲ್ಲೇ ಸೋರಿಹೋಗುತ್ತದೆ. ಅಂದರೆ ಒಳ್ಳೆಯ ಬ್ಲೂ ಗ್ರೇ ಬೇಕಾದರೆ ಪ್ರತಿ ಸಲವೂ ಮೊದಲಿನಿಂದ ಮಾಡಬೇಕು. ಅದಕ್ಕೆ ಎಲ್ಲೋ ಮೇಲೆ, ಮಳೆಯಲ್ಲಿ, ಯಾರೋ ಒಬ್ಬ ಶುದ್ಧ ಗ್ಯಾಲೊವೇ ಹಿಂಡು ಇಟ್ಟುಕೊಂಡಿರಬೇಕು.

ಆ "ಯಾರೋ ಒಬ್ಬ"ನ ಲೆಕ್ಕ ನೋಡಿ. ನಲವತ್ತು ಗ್ಯಾಲೊವೇ ಹಸು ಇವೆ ಎಂದುಕೊಳ್ಳಿ. ವರ್ಷಕ್ಕೆ ನಾಲ್ಕೈದು ಮುದಿ ಹಸು ತೆಗೆಯಬೇಕು, ಅವುಗಳ ಜಾಗಕ್ಕೆ ಅಷ್ಟೇ ಶುದ್ಧ ಕಡಸು ಬೇಕು. ಹುಟ್ಟುವುದರಲ್ಲಿ ಅರ್ಧ ಗಂಡು. ಸಾಯುವವು, ಗಬ್ಬ ನಿಲ್ಲದವು, ಕಾಲು ಸರಿಯಿಲ್ಲದವು ಎಲ್ಲ ಕಳೆದರೆ ಹದಿಮೂರು ಹದಿನಾಲ್ಕು ಹಸುಗಳಿಗೆ ಗ್ಯಾಲೊವೇ ಹೋರಿಯನ್ನೇ ಬಿಡಬೇಕಾಗುತ್ತದೆ. ಅವುಗಳ ಗಂಡುಕರುವಿಗೆ ಸಂತೆಯಲ್ಲಿ ಕವಡೆ ಕಿಮ್ಮತ್ತು. ಉಳಿದ ಇಪ್ಪತ್ತಾರಕ್ಕೆ ಬಿಳಿ ಹೋರಿ. ನಿಜವಾದ ದುಡ್ಡು ಅಲ್ಲಿಯದು. ಬೆಲೆ ಬಿದ್ದ ವರ್ಷ ಎಲ್ಲ ನಲವತ್ತಕ್ಕೂ ಬಿಳಿ ಹೋರಿ ಬಿಡುವ ಆಸೆ ಯಾರಿಗಾದರೂ ಬರುತ್ತದೆ. ಬಿಟ್ಟವರೂ ಇದ್ದಾರೆ. ನಾಲ್ಕು ವರ್ಷ ಚಿನ್ನದ ಬೆಳೆ, ಐದನೇ ವರ್ಷ ಹಿಂಡೇ ಮುದಿ. ಬೆರಕೆಯ ಲಾಭವೆಲ್ಲ ತಪ್ಪಲಿನವನಿಗೆ, ಶುದ್ಧ ತಳಿ ಸಾಕುವ ಖರ್ಚು ಗುಡ್ಡದವನಿಗೆ. ಈ ಅನ್ಯಾಯ ಯಾವ ತಳಿ ಸಂಘದ ಕರಪತ್ರದಲ್ಲೂ ನನಗೆ ಕಂಡಿಲ್ಲ, ಚೀಲದ ಬಿಲ್ಲುಗಳಲ್ಲಿ ಮಾತ್ರ ಕಾಣುತ್ತದೆ.

ಬಿಳಿ ಹೋರಿಯ ಕಥೆ ಇನ್ನೂ ಸೂಕ್ಷ್ಮ. ಆ ತಳಿಗೆ ಬೇರೆ ಉದ್ಯೋಗವೇ ಇಲ್ಲ. ಬ್ಲೂ ಗ್ರೇಗೆ ಅಪ್ಪನಾಗುವುದಕ್ಕೇ ಅದು ಉಳಿದಿದೆ. ಬ್ರಿಟನ್ನಿನಲ್ಲಿ ವಿರಳ ತಳಿಗಳಿಗೆಂದೇ 1973ರಲ್ಲಿ ಶುರುವಾದ ಒಂದು ಟ್ರಸ್ಟ್ ಇದೆ. ಅದರ ಅಪಾಯದ ಪಟ್ಟಿಯಲ್ಲಿ ವೈಟ್‌ಬ್ರೆಡ್ ಶಾರ್ಟ್‌ಹಾರ್ನ್ ಕೂಡ ಇದೆ. ಹುಚ್ಚುದನದ ಕಾಯಿಲೆಯ ಗದ್ದಲದಲ್ಲಿ 1996ರಿಂದ 2005ರವರೆಗೆ ಮೂವತ್ತು ತಿಂಗಳು ದಾಟಿದ ದನದ ಮಾಂಸ ಮಾರುವಂತಿರಲಿಲ್ಲ. ಹುಲ್ಲು ತಿಂದು ನಿಧಾನಕ್ಕೆ ಬೆಳೆಯುವ ಹಳೆಯ ತಳಿಗಳಿಗೆ ಅದೇ ಶಾಪವಾಯಿತು. ಅಷ್ಟರಲ್ಲಿ 2001ರ ಕಾಲುಬಾಯಿ ರೋಗ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ಹಳೆಯ ಕಂಬರ್‌ಲೆಂಡೂ ಸೇರಿದ ಈ ಕಂಬ್ರಿಯಾವೇ. ಆ ವರ್ಷದ ಬಗ್ಗೆ ಇಲ್ಲಿನವರು ತಾವಾಗಿ ಮಾತೆತ್ತುವುದಿಲ್ಲ, ನಾನೂ ಕೇಳುವುದಿಲ್ಲ.

ಬೆರಕೆಯನ್ನೇ ಗಟ್ಟಿ ಮಾಡಿ ಹೊಸ ತಳಿ ನಿಲ್ಲಿಸಿದವರೂ ಇದ್ದಾರೆನ್ನಿ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಲಿಂಗ್ ಎಂಬ ಪುಟ್ಟ ದ್ವೀಪವನ್ನು ಕ್ಯಾಡ್ಜೋ ಎಂಬ ಅಣ್ಣತಮ್ಮಂದಿರು 1947ರಲ್ಲಿ ಕೊಂಡರು. ಉದ್ದಕೂದಲಿನ ಹೈಲ್ಯಾಂಡ್ ಮತ್ತು ಬೀಫ್ ಶಾರ್ಟ್‌ಹಾರ್ನ್ ಬೆರಕೆಯ ಕಡಸುಗಳಿಂದ ಶುರು ಮಾಡಿ, ಪ್ರತಿ ಸಲ ಬೆರಕೆ ಮಾಡುವ ತಾಪತ್ರಯವೇ ಬೇಡವೆಂದು ಆರಿಸುತ್ತ ಹೋದರು. 1965ರಲ್ಲಿ ಸರ್ಕಾರ ಅದನ್ನು ಸ್ವತಂತ್ರ ತಳಿಯೆಂದು ಒಪ್ಪಿತು. ಕಸುವು ಸ್ವಲ್ಪ ಬಿಟ್ಟುಕೊಟ್ಟರು, ಸರಾಗ ಗಳಿಸಿದರು. ತಮಾಷೆಯೆಂದರೆ ಈಗ ಅದೇ ಲಿಂಗ್ ಹಸುವಿಗೆ ಸಿಮೆಂಟಾಲ್ ಹೋರಿ ಬಿಟ್ಟು ಮತ್ತೊಂದು ಬೆರಕೆ ತಾಯಿ ಮಾಡುತ್ತಾರೆ.

ನಮ್ಮ ಕಡೆಯ ದನಕ್ಕೂ ಈ ಶಾರ್ಟ್‌ಹಾರ್ನ್‌ಗೂ ಒಂದು ಹಳೆಯ ನೆಂಟಸ್ತಿಕೆ ಇದೆ. ಗೀರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಓಂಗೋಲ್, ನಮ್ಮ ಕೃಷ್ಣಾ ಕಣಿವೆ ದನ ಇವೆಲ್ಲ ಸಮುದ್ರ ದಾಟಿ ಹೋಗಿ ಅಮೆರಿಕದಲ್ಲಿ ಬ್ರಾಹ್ಮನ್ ಎಂಬ ತಳಿಯಾದವು. ಟೆಕ್ಸಸ್‌ನ ಕಿಂಗ್ ರ‍್ಯಾಂಚ್‌ನವರು ಅದಕ್ಕೆ ಶಾರ್ಟ್‌ಹಾರ್ನ್ ಬೆರೆಸಿ ಸಾಂತಾ ಗರ್ಟ್ರೂಡಿಸ್ ಮಾಡಿದರು. 1940ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಬಿಸಿಲು, ಉಣ್ಣಿ ಹುಳು ತಡೆಯುವ ತಾಕತ್ತು ನಮ್ಮ ದನದ್ದು. ದೊಡ್ಡಪ್ಪನಿಗೆ ಇದನ್ನು ಹೇಳಿದರೆ, "ಇಲ್ಲಿ ಕೇಳೋರಿಲ್ಲ, ಅಲ್ಲಿ ಬ್ರಾಹ್ಮಣ ಆಗಿದ್ದಾವೆ ನೋಡು" ಎಂದು ನಕ್ಕರು.

ಅವರ ಕೊಟ್ಟಿಗೆಯಲ್ಲಿ ಮೂರು ಮಲೆನಾಡು ಗಿಡ್ಡ ಇವೆ, ಎರಡು ಜರ್ಸಿ ಬೆರಕೆ. ಜರ್ಸಿ ಬೆರಕೆ ಡೇರಿಗೆ ಹಾಲು ಹಾಕಿ ಮನೆ ನಡೆಸುತ್ತದೆ, ಅದನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ಗಿಡ್ಡಕ್ಕೆ ಜರ್ಸಿ ಕೊಟ್ಟು ಹುಟ್ಟಿದ ಮೊದಲ ಬೆರಕೆ ಮಳೆಗೂ ಉಣ್ಣಿಗೂ ಜಗ್ಗಲಿಲ್ಲ, ಹಾಲೂ ಕೊಟ್ಟಿತು. ಅದರ ಮಗಳಿಗೆ ಮತ್ತೆ ಜರ್ಸಿ, ಮೊಮ್ಮಗಳಿಗೆ ಮತ್ತೆ ಜರ್ಸಿ. ಈಗಿನದಕ್ಕೆ ಫ್ಯಾನು ಬೇಕು, ವರ್ಷಕ್ಕೆರಡು ಸಲ ಜ್ವರ. ಮತ್ತೆ ಮೊದಲ ಬೆರಕೆ ಮಾಡೋಣವೆಂದರೆ ಗಿಡ್ಡ ಬೇಕು. ಗಿಡ್ಡ ಉಳಿಯಬೇಕಾದರೆ ಗಿಡ್ಡ ಹೋರಿ ಬೇಕು. ನಮ್ಮೂರಲ್ಲಿ ಹೋರಿ ಇಲ್ಲ. ದೊಡ್ಡಪ್ಪ ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಪಕ್ಕದ ಊರಿಗೆ ನಡೆಯುತ್ತಾರೆ. ಊರಿನವರಿಗೆ ಅದು ಮುದುಕನ ಹಟವಾಗಿ ಕಾಣುತ್ತದೆ. ಬ್ಯೂಕ್ಯಾಸಲ್ ಗುಡ್ಡದವನು ಹದಿನಾಲ್ಕು ಹಸು ಬೇರೆ ಕಟ್ಟುವುದೂ ಇದೇ ಕೆಲಸ. ಅವನಿಗೆ ಸರ್ಕಾರದ ಪರಿಸರ ಯೋಜನೆಯಿಂದ ಅಳಿವಿನಂಚಿನ ತಳಿ ಮೇಯಿಸಿದ್ದಕ್ಕೆ ಒಂದಷ್ಟು ಹಣ ಬರುತ್ತದೆ, ದೊಡ್ಡಪ್ಪನಿಗೆ ದೊಡ್ಡಮ್ಮನ ಬೈಗುಳ ಬರುತ್ತದೆ.

ಕಳೆದ ಸಲ ಕಾರ್ಲೈಲ್ ಹರಾಜಿನಲ್ಲಿ ನಮ್ಮ ಗಿರಾಕಿಯೊಬ್ಬರು ಎಳೆಯ ಬಿಳಿ ಹೋರಿ ಕೊಂಡರು. ಹರಾಜು ಕೂಗಿದ್ದು ಗಿನಿಯಲ್ಲಿ. ಗಿನಿ ನಾಣ್ಯ ಹೋಗಿ ಇನ್ನೂರು ವರ್ಷವಾಗಿದೆ, ತಳಿ ಹೋರಿಯ ಹರಾಜಿನಂಥ ಕಡೆ ಇನ್ನೂ ಜೀವಂತ: ಒಂದು ಗಿನಿಗೆ ಒಂದು ಪೌಂಡು ಐದು ಪೆನ್ಸು. ನನ್ನ ಕಂಪ್ಯೂಟರಿಗೆ ಗಿನಿ ಗೊತ್ತಿಲ್ಲ, 1.05ರಿಂದ ಗುಣಿಸಿ ಬರೆದುಕೊಂಡೆ. ಇಷ್ಟು ಕೊಟ್ಟು ಈ ಹೋರಿಯೇ ಯಾಕೆ, ಲಿಮೋಸಿನ್ ಸಿಗುತ್ತಿತ್ತಲ್ಲ ಎಂದೆ. "ಲಿಮೋಸಿನ್ ಎಲ್ಲರ ಹತ್ರ ಇದೆ, ನೀಲಿ ಕಡಸು ಕೇಳ್ಕೊಂಡು ಎಲ್ಲರೂ ನನ್ನ ಹತ್ರ ಬರ್ತಾರೆ" ಅಂದರು. ಆಮೇಲೆ ಗ್ಯಾಲೊವೇ ಹೋರಿಯ ಬಿಲ್ಲನ್ನೂ ತೆಗೆದು ಕೊಟ್ಟರು. ಅದು ಚೀಲದ ತಳದಲ್ಲಿ ಮುದುಡಿಕೊಂಡಿತ್ತು, ಖರ್ಚಿನ ಕಾಲಮ್ಮಿಗೆ ಸೇರಿಸಿದೆ.