ಹನ್ನೊಂದರೊಳಗಿನ ಕಡಲು: ದಾವಣಗೆರೆಯಿಂದ ಗೋಕರ್ಣಕ್ಕೆ ಇಬ್ಬರ ಚಳಿಗಾಲದ ಪ್ರವಾಸ

ಧನುರ್ಮಾಸದ ಬೆಳಗಿನ ಜಾವ ದಾವಣಗೆರೆಯಲ್ಲಿ ತುಟಿ ಒಡೆದು ಹಿಮ್ಮಡಿ ಬಿರಿಯುವಂಥ ಒಣ ಚಳಿ. ಅದೇ ದಿನ ಮಧ್ಯಾಹ್ನ ಗೋಕರ್ಣದಲ್ಲಿ 32 ಡಿಗ್ರಿಯ ಆಸುಪಾಸು ಬಿಸಿಲು, ಕುತ್ತಿಗೆಯಲ್ಲಿ ಬೆವರು. ನಡುವೆ ಇರುವುದು ಸುಮಾರು 240 ಕಿಲೋಮೀಟರ್ ದಾರಿ, ಒಂದು ಘಟ್ಟ. ಗಂಡ ಹೆಂಡತಿ ಇಬ್ಬರೇ ಎರಡು ರಾತ್ರಿ ಇದ್ದು ಬರಲು ಹದವಾದ ದೂರ. ಬಯಲುಸೀಮೆಯವರು ಅಲ್ಲಿ ಎಡವುವುದು ಹೊತ್ತಿನ ಲೆಕ್ಕದಲ್ಲಿ. ಬೆಳಿಗ್ಗೆ ರೂಮಿನಲ್ಲಿ ಮಲಗಿ, ತಿಂಡಿ ಮುಗಿಸಿ, ಹನ್ನೆರಡಕ್ಕೆ ಸಮುದ್ರಕ್ಕೆ ಇಳಿಯುತ್ತಾರೆ. ಬಿಸಿಲು, ಗಾಳಿ, ಅಲೆ ಮೂರೂ ಜೋರಾಗುವ ಹೊತ್ತದು.

ದಿನ ಆರಿಸುವಾಗ ಡಿಸೆಂಬರ್ 24ರಿಂದ ಜನವರಿ 2ರವರೆಗಿನ ಹತ್ತು ದಿನಗಳನ್ನು ಬಿಟ್ಟುಬಿಡಿ. ಸಂಕ್ರಾಂತಿ ಶನಿವಾರ, ಭಾನುವಾರಕ್ಕೆ ಅಂಟಿಕೊಂಡು ಬಂದರೆ ಅದನ್ನೂ ಬಿಡಿ. ಭಾನುವಾರ ಹೊರಟು ಮಂಗಳವಾರ ಮರಳಿದರೆ ರೂಮಿನ ಬಾಡಿಗೆಯೂ ಇಳಿದಿರುತ್ತದೆ, ಕುಡ್ಲೆ ತೀರದಲ್ಲಿ ಕೂರಲು ಜಾಗವೂ ಇರುತ್ತದೆ. ಶಿವರಾತ್ರಿ ಹೊತ್ತಿಗೆ ಊರೇ ಜಾತ್ರೆ, ಆಗ ರಥ ನೋಡಲು ಹೋಗಬೇಕೇ ವಿನಾ ಕಡಲಿಗಲ್ಲ. ಇಬ್ಬರದ್ದೂ ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಒಬ್ಬರದ್ದೇ ಇದ್ದರೆ ರೂಮ್ ಕೊಡುವವರು ತಕರಾರು ಮಾಡುವುದುಂಟು.

ಕಾರಾದರೆ ಐದಕ್ಕೆ ಹೊರಡುವುದು. ಹರಿಹರ, ರಾಣೆಬೆನ್ನೂರು ದಾಟಿ ಹಾವೇರಿ ತನಕ ಹೆದ್ದಾರಿ, 75 ಕಿ.ಮೀ.ಗೆ ಒಂದೂಕಾಲು ತಾಸು. ಅಲ್ಲಿಂದ ಶಿರಸಿ ರಸ್ತೆಗೆ ತಿರುಗಿದ ಮೇಲೆ ವೇಗ ಇಳಿಸಿ. ಸುಗ್ಗಿ ಕಾಲದಲ್ಲಿ ಹಿಂದಿನ ದೀಪವೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ಮಂಜಿನಲ್ಲಿ ಧುತ್ತೆಂದು ಎದುರಾಗುತ್ತವೆ, ರಸ್ತೆ ಬದಿಯಲ್ಲೇ ಮೆಕ್ಕೆಜೋಳ ಹರವಿರುತ್ತಾರೆ. ಎಂಟೂವರೆಗೆ ಶಿರಸಿಯಲ್ಲಿ ತಿಂಡಿ. ಇಡ್ಲಿಯಾದರೆ ಎರಡು, ಅಷ್ಟೇ. ಬೆಣ್ಣೆ ದೋಸೆಯ ಊರಿನವರಿಗೆ ಇದು ಕಷ್ಟದ ಮಾತು, ಆದರೆ ಮುಂದೆ ದೇವಿಮನೆ ಘಟ್ಟವಿದೆ. ವಾಂತಿಯ ಭಯ ಇರುವವರು ಮಾತ್ರೆಯನ್ನು ಅರ್ಧ ತಾಸು ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಮುಂದಿನ ಸೀಟು, ಕಣ್ಣು ದೂರದ ರಸ್ತೆಯ ಮೇಲೆ, ಮೊಬೈಲ್ ಬ್ಯಾಗಿನಲ್ಲಿ.

ಘಟ್ಟ ಇಳಿಯುವಾಗ ಎರಡನೇ ಗೇರ್. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಒತ್ತಿದರೂ ಹಿಡಿಯುವುದಿಲ್ಲ. ಶಿರಸಿ-ಕುಮಟಾ ರಸ್ತೆಯಲ್ಲಿ ಅಗಲೀಕರಣದ ಕೆಲಸ ವರ್ಷಗಟ್ಟಲೆ ನಡೆದಿದೆ, ಸಂಚಾರ ನಿಲ್ಲಿಸಿದ್ದೂ ಇದೆ. ಹಿಂದಿನ ದಿನವೇ ಶಿರಸಿ ಕಡೆಯವರನ್ನು ಕೇಳಿಕೊಳ್ಳಿ. ಮುಚ್ಚಿದ್ದರೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮಾರ್ಗ ಇದ್ದೇ ಇದೆ, ದೂರ ಹೆಚ್ಚು. ಎಲ್ಲ ಸರಿಯಿದ್ದರೆ ಹನ್ನೊಂದೂವರೆಗೆ ಗೋಕರ್ಣ. ಹೋಗಿಬರಲು, ಅಲ್ಲಿ ಓಡಾಡಲು ಸೇರಿ 520 ಕಿ.ಮೀ. ಲೀಟರಿಗೆ 16 ಕೊಡುವ ಗಾಡಿಗೆ 33 ಲೀಟರ್ ಬೇಕು. ಬಸ್ಸಿನಲ್ಲಿ ಹಾವೇರಿ, ಶಿರಸಿ, ಕುಮಟಾ ಹೀಗೆ ಬದಲಾಯಿಸುತ್ತಾ ಹೋಗಬಹುದು. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆ ಇರುವುದರಿಂದ ಟಿಕೆಟ್ ದುಡ್ಡು ಗಂಡನದ್ದು ಮಾತ್ರ.

ಮೊದಲ ಮಧ್ಯಾಹ್ನ ಊಟ ಮಾಡಿ ಮಲಗಿ, ನಾಲ್ಕೂವರೆಗೆ ಏಳಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮುಳುಗುವುದು ಆರರಿಂದ ಆರೂವರೆಯ ಆಸುಪಾಸು. ಕುಡ್ಲೆಯಿಂದ ಗುಡ್ಡದ ಮೇಲೆ ಹಾಯ್ದು ಓಂ ತೀರಕ್ಕೆ ಸುಮಾರು ಇಪ್ಪತ್ತೈದು ನಿಮಿಷದ ನಡಿಗೆ. ಜಂಬಿಟ್ಟಿಗೆ ಕಲ್ಲಿನ ಹರಳು ಕಾಲಡಿ ಉರುಳುವುದರಿಂದ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಬೇಕು. ಕುಡ್ಲೆಯಲ್ಲೇ ರೂಮ್ ಇದ್ದರೆ ಓಂ ಕಡೆ ಬೆಳಿಗ್ಗೆ ಹೋಗಿ, ಸಂಜೆ ಕುಡ್ಲೆಯಲ್ಲಿ ಕೂತುಬಿಡಿ. ಹಾಫ್ ಮೂನ್, ಪ್ಯಾರಡೈಸ್‌ಗೆ ಓಂನಿಂದ ಬಂಡೆ ಹಾದಿ. ಮುಳುಗುವ ಸೂರ್ಯನನ್ನು ಅಲ್ಲಿ ನೋಡಲು ಹೋದವರು ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ತಡಕಾಡುತ್ತಾ ವಾಪಸಾಗುತ್ತಾರೆ. ಮೂರಕ್ಕೇ ಹಿಂದಿರುಗುವ ಲೆಕ್ಕ ಹಾಕಿಕೊಂಡು, ಎರಡು ಲೀಟರ್ ನೀರು ಹೊತ್ತೇ ಹೋಗಬೇಕು.

ಎರಡನೇ ದಿನದ ಬೆಳಿಗ್ಗೆ ಏಳೂವರೆಯಿಂದ ಹನ್ನೊಂದು, ಇಡೀ ಪ್ರವಾಸಕ್ಕೆ ಕೊಟ್ಟ ದುಡ್ಡು ಇದಕ್ಕೇ. ರಾತ್ರಿಯಲ್ಲಿ ನೆಲ ಕಡಲಿಗಿಂತ ಬೇಗ ತಣಿಯುತ್ತದೆ, ಹಾಗಾಗಿ ಬೆಳಿಗ್ಗೆ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ಅಲೆಯ ನೆತ್ತಿ ಒತ್ತಿಹೋಗಿ ನೀರು ಕೆರೆಯಂತೆ ಮಲಗಿರುತ್ತದೆ. ನೀರಿನ ಬಿಸುಪು 28 ಡಿಗ್ರಿ ಹತ್ತಿರ, ಇಳಿದ ತಕ್ಷಣ ಮೈ ಜುಮ್ ಎನ್ನುವುದಿಲ್ಲ. ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿಂದ ಬೀಸತೊಡಗುತ್ತದೆ, ಅಲೆ ಒಡೆಯುತ್ತದೆ. ಆದರೆ ಈ ಬೆಳಗಿನ ಗಾಳಿಗೇ ಒಂದು ಕೆಟ್ಟ ಗುಣವಿದೆ: ಗಾಳಿ ತುಂಬಿದ ಟ್ಯೂಬ್ ಮೇಲೆ ಮಲಗಿದವರನ್ನು ಸದ್ದಿಲ್ಲದೆ ಒಳಕ್ಕೆ ತಳ್ಳುತ್ತದೆ. ಟ್ಯೂಬ್ ತರಲೇಬೇಡಿ.

ಭದ್ರಾ ನಾಲೆಯಲ್ಲಿ ಈಜಿದವರಿಗೆ ಧೈರ್ಯ ಸ್ವಲ್ಪ ಜಾಸ್ತಿ. ನಾಲೆಯ ಸೆಳೆತ ಒಂದೇ ದಿಕ್ಕಿಗೆ, ದಡ ಕೈಗೆ ಸಿಗುತ್ತದೆ. ಇಲ್ಲಿ ದಡಕ್ಕೆ ಬಂದ ನೀರು ಒಂದು ಕಿರಿದಾದ ಜಾಗದಲ್ಲಿ ಸೇರಿಕೊಂಡು ವಾಪಸು ಓಡುತ್ತದೆ. ಎರಡೂ ಪಕ್ಕ ಬಿಳಿ ನೊರೆ ಒಡೆಯುತ್ತಿದ್ದು ನಡುವೆ ಮಾತ್ರ ಅಲೆಯಿಲ್ಲದ ಕಪ್ಪು ಪಟ್ಟೆ ಕಂಡರೆ ಅದೇ ಆ ಜಾಗ. ಸುಮ್ಮನಿದೆ ಎಂದು ಜನ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ನೊರೆ ಇರುವಲ್ಲಿಂದ ಬನ್ನಿ. ಸೊಂಟದ ನೀರು ಸಾಕು. ಜೀವರಕ್ಷಕರು ಸೀಟಿ ಊದಿದರೆ ವಾದ ಬೇಡ.

ಸೀರೆ ಉಟ್ಟು ಅಲೆಗೆ ನಿಂತರೆ ಒದ್ದೆ ಸೀರೆಯ ಭಾರಕ್ಕೆ ಕಾಲು ಸಿಕ್ಕಿಕೊಳ್ಳುತ್ತದೆ, ಲೆಗಿಂಗ್ಸ್ ಮತ್ತು ಗಿಡ್ಡ ಕುರ್ತಾ ವಾಸಿ. ನೀರಲ್ಲಿ ಅರ್ಧ ತಾಸು ಕಳೆದರೆ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ. ಹೊಸ ಜೋಡಿಗಳ ಉಂಗುರ ಹೋಗುವುದು ಹೀಗೆಯೇ, ಮರಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಲುಂಗುರದ ಅಡಿ ಮರಳು ಸೇರಿ ಚರ್ಮ ಕಿತ್ತುಬರುತ್ತದೆ, ಹಾಗಾಗಿ ಅದನ್ನೂ ರೂಮಲ್ಲೇ ಬಿಚ್ಚಿಡಬೇಕು. ಅತ್ತೆಗೆ ಹೇಳದಿದ್ದರಾಯಿತು. ಸನ್‌ಸ್ಕ್ರೀನ್ ನೀರಿಗೆ ಇಳಿಯುವ ಇಪ್ಪತ್ತು ನಿಮಿಷ ಮೊದಲು, ಮತ್ತೆ ಎರಡು ತಾಸಿಗೊಮ್ಮೆ. ಕಿವಿ ತುದಿ, ಪಾದದ ಮೇಲ್ಭಾಗ ಮರೆತುಹೋಗುವ ಜಾಗಗಳು. ಅಂಬಲಿ ಮೀನು (ಜೆಲ್ಲಿಫಿಶ್) ಸೋಕಿ ಉರಿದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಚರ್ಮಕ್ಕೆ ಅಂಟಿ ಉಳಿದ ವಿಷದ ಚೀಲಗಳು ಒಡೆದು ಉರಿ ಹೆಚ್ಚುತ್ತದೆ.

ದಾವಣಗೆರೆಯಲ್ಲಿ ಒಂದು ತಾಸಿಗೆ ಒಣಗುವ ಟವೆಲ್ ಇಲ್ಲಿ ಮರುದಿನವೂ ಜಿಗುಟು. ಉಪ್ಪು ಗಾಳಿಯ ತೇವ ಹೀರುತ್ತಲೇ ಇರುತ್ತದೆ, ಸಿಹಿನೀರಲ್ಲಿ ಎರಡು ಸಲ ಜಾಲಿಸಿದರೆ ಮಾತ್ರ ಒಣಗುತ್ತದೆ.

ಮಹಾಬಲೇಶ್ವರನ ದರ್ಶನಕ್ಕೆ ಮೂರನೇ ದಿನ ನಸುಕು. ರೂಢಿಯಂತೆ ಮೊದಲು ಮಹಾಗಣಪತಿ, ಆಮೇಲೆ ಆತ್ಮಲಿಂಗ. ಗಂಡಸರು ಅಂಗಿ ಬಿಚ್ಚಿ ಪಂಚೆ ಉಡಬೇಕು, ಪಂಚೆ ಮನೆಯಿಂದಲೇ ಒಯ್ಯಿರಿ. ಬಾಗಿಲು ಮಧ್ಯಾಹ್ನ ಹಾಕುತ್ತಾರೆ. ಊಟಕ್ಕೆ ಮೀನು ತಿನ್ನುವವರು ಬಂಗಡೆ ಹೇಳುವಾಗ ಇಡೀ ಮೀನನ್ನು ತೋರಿಸಲು ಕೇಳಿ, ಕಣ್ಣು ಉಬ್ಬಿ ಕಿವಿರು ಕೆಂಪಗಿದ್ದರೆ ತಾಜಾ. ಊರ ಹತ್ತಿರದ ಸಾಣಿಕಟ್ಟೆಯ ಉಪ್ಪು ದಪ್ಪ ಹರಳು, ನಮ್ಮ ಅಂಗಡಿಯ ಪುಡಿ ಉಪ್ಪಿನಷ್ಟು ಬೆಳ್ಳಗಿರುವುದಿಲ್ಲ. ಒಂದು ಕೆ.ಜಿ. ತಂದರೆ ಉಪ್ಪಿನಕಾಯಿಗೆ ಆಗುತ್ತದೆ.

ಹಿಂದಿರುಗುವಾಗ ಹತ್ತಕ್ಕೆ ಗೋಕರ್ಣ ಬಿಟ್ಟರೆ ಕತ್ತಲೊಳಗೆ ಮನೆ. ಸ್ವೆಟರ್ ಡಿಕ್ಕಿಯ ತಳದಲ್ಲಿ ತುರುಕಬೇಡಿ, ಹೊರಡುವುದು ತಡವಾದರೆ ಘಟ್ಟ ಹತ್ತಿದ ಮೇಲೆ ಬೇಕಾಗುತ್ತದೆ. ಶಿರಸಿಯಲ್ಲಿ ಈ ಕಾಲಕ್ಕೆ ತೊಡೆದೇವು ಸಿಗುತ್ತದೆ. ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಅಕ್ಕಿಹಿಟ್ಟು, ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಸವರಿ, ಕಾಗದದಂತೆ ಎಬ್ಬಿಸಿ ಮಡಚಿದ್ದು. ಹಿಂದಿನ ಸೀಟಿನಲ್ಲಿಟ್ಟರೆ ಹಾವೇರಿ ತಲುಪುವಷ್ಟರಲ್ಲಿ ಪುಡಿ. ಪಕ್ಕದಲ್ಲಿ ಕೂತವರ ತೊಡೆಯ ಮೇಲೇ ಬರಬೇಕು.