ಸೂತಕ ಇಲ್ಲದ ದ್ವೀಪದಿಂದ ಹಿರೋಶಿಮಾಗೆ

ಒಸಾಕಾದ ತಂಗಿ ಮನೆಯಿಂದ ಬೆಳಗ್ಗೆ ಆರಕ್ಕೇ ಹೊರಟೆವು. ಶಿಂಕಾನ್ಸೆನ್ ರೈಲು ಒಂದೂವರೆ ಗಂಟೆಯಲ್ಲಿ ಹಿರೋಶಿಮಾ ಮುಟ್ಟಿಸಿತು. "ಮೊದಲು ದೇವಸ್ಥಾನ ನೋಡೋಣ ಅಕ್ಕಾ. ಮ್ಯೂಸಿಯಂ ನೋಡಿದ ಮೇಲೆ ನಿಂಗೆ ಇನ್ನೇನೂ ಬೇಡ ಅನ್ಸತ್ತೆ" ಅಂದಳು. ಅವಳು ಒಮ್ಮೆ ಹೋಗಿ ಬಂದವಳು.

ಅಲ್ಲಿಂದ ಲೋಕಲ್ ರೈಲು, ಆಮೇಲೆ ಹತ್ತು ನಿಮಿಷದ ಫೆರ್ರಿ. ಇಳಿದರೆ ಮಿಯಾಜಿಮಾ ದ್ವೀಪ. ಸಮುದ್ರದಲ್ಲಿ ನಿಂತ ಕೆಂಪು ತೋರಿಯನ್ನು ಫೋಟೋದಲ್ಲಿ ನೋಡಿರ್ತೀರಿ, ಇತ್ಸುಕುಶಿಮಾ ದೇವಸ್ಥಾನದ ಹೆಬ್ಬಾಗಿಲು. ನಾವು ಹೋದಾಗ ನೀರು ಇಳಿದಿತ್ತು. ಒದ್ದೆ ಮರಳಲ್ಲಿ ಬುಡದವರೆಗೂ ನಡೆದೆವು. 16 ಮೀಟರಿಗೂ ಜಾಸ್ತಿ ಎತ್ತರ, ಕರ್ಪೂರ ಮರದ ಕಂಬಗಳು, 1875ರಲ್ಲಿ ಕಟ್ಟಿದ್ದು. ನೆಲದಲ್ಲಿ ಹೂತಿಲ್ಲ, ತನ್ನ ಭಾರಕ್ಕೇ ನಿಂತಿದೆ!

ಕೈ, ಬಾಯಿ ತೊಳೆದು, ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಗ್ಗಿದ್ದಾಯಿತು. ತೀರ್ಥ ಕೊಡ್ತಾರೇನೋ ಅಂತ ಸುಮ್ನೆ ಒಂದು ಗಳಿಗೆ ನಿಂತೆ. ಅಭ್ಯಾಸ.

ಇಡೀ ದ್ವೀಪವೇ ದೇವರು ಅನ್ನುವುದು ಅಲ್ಲಿಯ ನಂಬಿಕೆ. ಹಾಗಾಗಿ ಹಿಂದೆ ಅಲ್ಲಿ ಯಾರೂ ಹೆರುವಂತಿರಲಿಲ್ಲ, ಸಾಯುವಂತಿರಲಿಲ್ಲ. ದಿನ ತುಂಬಿದ ಬಸುರಿಯರನ್ನೂ ಸಾಯುವ ಹಂತದಲ್ಲಿದ್ದವರನ್ನೂ ಆಚೆ ದಡಕ್ಕೆ ದಾಟಿಸುತ್ತಿದ್ದರಂತೆ. ಇವತ್ತಿಗೂ ದ್ವೀಪದಲ್ಲಿ ಸ್ಮಶಾನ ಇಲ್ಲ. ಪುರುಡು, ಸೂತಕ ಅಂತ ಕೇಳುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಕಟ್ಟೆ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆಗೆದಿದ್ದೇ ತಡ, ಜಿಂಕೆಗಳು ಮುತ್ತಿಕೊಂಡವು. ಒಂದು ನನ್ನ ಕೈಯಲ್ಲಿದ್ದ ಮ್ಯಾಪನ್ನೇ ಕಿತ್ತು ತಿಂದಿತು. ಅರ್ಧ ಊಟಕ್ಕೇ ಡಬ್ಬಿ ಮುಚ್ಚಿ, ನಗುತ್ತಾ ಓಡಿದೆವು.

ಟ್ರಾಮ್ ಹಿಡಿದು ಹಿರೋಶಿಮಾಗೆ ವಾಪಸ್ ಬಂದಾಗ ಮಧ್ಯಾಹ್ನ. ಅಣುಬಾಂಬಿಗೆ ಸಿಕ್ಕಿ ಮುರಿದ ಗುಮ್ಮಟದ ಕಟ್ಟಡವನ್ನು ಹೊರಗಿನಿಂದ ನೋಡಿ, ನದಿ ದಾಟಿ, ಮ್ಯೂಸಿಯಂ ಒಳಗೆ ಹೋದೆವು. ಬಾಂಬ್ ಬಿದ್ದಿದ್ದು 1945ರ ಆಗಸ್ಟ್ 6, ಬೆಳಗ್ಗೆ 8:15ಕ್ಕೆ. ಆ ವರ್ಷ ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 1,40,000 ಜನ. ಅಂಕಿ ಓದಿ ಮುಂದೆ ಹೋದೆ. ಕಾಲು ನಿಂತಿದ್ದು ಒಂದು ಊಟದ ಡಬ್ಬಿಯ ಮುಂದೆ. ಶಿಗೆರು ಒರಿಮೆನ್ ಎಂಬ ಹುಡುಗನದು. ಬಾಂಬ್ ಬಿದ್ದರೆ ಬೆಂಕಿ ಹರಡದಿರಲಿ ಅಂತ ಮನೆಗಳನ್ನು ಕೆಡವಿ ಜಾಗ ಮಾಡುತ್ತಿದ್ದರು. ಆ ಕೆಲಸಕ್ಕೆ ಶಾಲೆ ಮಕ್ಕಳನ್ನೂ ಹಚ್ಚಿದ್ದರು. ಇವನೂ ಹೋಗಿದ್ದ. ಹುಡುಕಿಕೊಂಡು ಬಂದ ತಾಯಿಗೆ ಮಗನ ಹೆಣದ ಅಡಿಯಲ್ಲಿ ಈ ಡಬ್ಬಿ ಸಿಕ್ಕಿತು. ಒಳಗಿನ ಅನ್ನ ಇದ್ದಿಲಾಗಿದೆ. ಒಂದು ತುತ್ತೂ ತಿಂದಿರಲಿಲ್ಲ ಅವನು.

ನನ್ನ ಚೀಲದಲ್ಲಿ ಅರ್ಧ ಡಬ್ಬಿ ಚಿತ್ರಾನ್ನ ಇತ್ತು.

ಹೊರಗೆ ಪಾರ್ಕಿನಲ್ಲಿ ಹುಲ್ಲು ಬೆಳೆದ ಒಂದು ದಿಬ್ಬ. ಅದರಡಿಯಲ್ಲಿ ಸುಮಾರು 70,000 ಜನರ ಬೂದಿ, ಹೆಚ್ಚಿನವರು ಯಾರೆಂದೇ ಗೊತ್ತಿಲ್ಲ. ನಾವಿಬ್ಬರೂ ಕೈ ಮುಗಿದೆವು. ಚಪ್ಪಾಳೆ ತಟ್ಟಲಿಲ್ಲ.

ರೈಲಿನಲ್ಲಿ ಜಾಸ್ತಿ ಮಾತಾಡಲಿಲ್ಲ. ಮನೆ ತಲುಪಿ, ಚಪ್ಪಲಿ ಬಿಟ್ಟವಳೇ ಏನನ್ನೂ ಮುಟ್ಟದೆ ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಬಾಗಿಲು ತೆಗೆದಾಗ ತಂಗಿಯೂ ಟವೆಲ್ ಹಿಡಿದು ಕಾಯುತ್ತಿದ್ದಳು.